ಹೊಸ್ತಿಲ ಮೇಲಿನ ನಾಣ್ಯ

ಹೊಸ್ತಿಲಿನ ಮೇಲಿದ್ದ ಕಲೆ ಒಣಗಿದ ರಕ್ತದ ಬಣ್ಣದ್ದಾಗಿತ್ತು.

ನಾನು ಮಂಡಿಯೂರಿ ಕುಳಿತು, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಗಾರೆಯ ಪುಡಿಯನ್ನು ಇನ್ನಷ್ಟು ಸರಿಸಿದೆ. ಕಲೆ ಮರದ ಎಡತುದಿಯಿಂದ ಬಲತುದಿಯವರೆಗೆ ಒಂದೇ ಅಗಲದಲ್ಲಿ ಸಾಗಿತ್ತು. ಚೆಲ್ಲಿದ ರಕ್ತ ಹೀಗೆ ಅಂಚು ಕಟ್ಟಿಕೊಂಡು ನಿಲ್ಲುವುದಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದರೂ ಬ್ರಶ್ಶನ್ನು ಕೆಳಗಿಟ್ಟೆ.

ಹಿಂದಿನ ಸಂಜೆ ನಾನೂ ನನ್ನ ಗಂಡ ಪುನೀತನೂ ಭದ್ರಾವತಿ ಹಳೇನಗರದ ಈ ಮನೆಯ ಅಡುಗೆಕೋಣೆಯ ಹಿಂಗೋಡೆಯನ್ನು ಒಡೆದದ್ದು ಬರೀ ಇಟ್ಟಿಗೆಗಾಗಿ. ಅದರ ಹಿಂದೆ ಒಂದು ಬಾಗಿಲು, ಬಾಗಿಲಾಚೆ ಒಂದು ಕತ್ತಲ ಉಗ್ರಾಣ ಇರುವುದು ತಿಳಿದದ್ದು ಆಗಲೇ.

ನನ್ನ ಊಟದ ಡಬ್ಬಿಯಲ್ಲಿ ಅರ್ಧ ನಿಂಬೆಹಣ್ಣಿತ್ತು. ಎದ್ದು ಹೋಗಿ ತಂದು, ಕಲೆಯ ಒಂದು ಮೂಲೆಗೆ ನಾಲ್ಕಾರು ಹನಿ ಹಿಂಡಿದೆ. ಕಂದುಗೆಂಪು ನಿಧಾನವಾಗಿ ಕರಗಿತು. ಅದರ ಜಾಗದಲ್ಲಿ ಹಳದಿ ಎದ್ದುಬಂತು.

ಅರಿಶಿನ.

ಅರಿಶಿನಕ್ಕೆ ಸುಣ್ಣ ತಾಗಿದರೆ ಕೆಂಪಾಗುತ್ತದೆ, ಹುಳಿ ತಾಗಿದರೆ ಮರಳಿ ಹಳದಿಯಾಗುತ್ತದೆ. ಆರತಿ ತಟ್ಟೆಗೆ ಕೆಂಪು ನೀರು ಕಲೆಸುವ ಯಾರಿಗೂ ಇದನ್ನು ತಿಳಿಯಲು ರಸಾಯನಶಾಸ್ತ್ರದ ಪದವಿ ಬೇಕಾಗಿಲ್ಲ. ಸಿಮೆಂಟೂ ಸುಣ್ಣದಂತೆಯೇ ಕ್ಷಾರ. ಹಾಗಾದರೆ ಇಲ್ಲಿ ನಡೆದದ್ದು ಇಷ್ಟು: ಯಾರೋ ಹೊಸ್ತಿಲಿಗೆ ಅರಿಶಿನ ಬಳಿದಿದ್ದಾರೆ, ಅದು ಆರುವ ಮೊದಲೇ ಅದರ ಮೇಲೆ ಹಸಿ ಗಾರೆ ಸುರಿದು ಗೋಡೆ ಎಬ್ಬಿಸಿದ್ದಾರೆ.

ರಕ್ತವಲ್ಲವೆಂಬ ಸಮಾಧಾನ ಹೆಚ್ಚು ಹೊತ್ತು ಉಳಿಯಲಿಲ್ಲ. ಕೋಣೆ ಬೇಡವೆಂದು ಬಾಗಿಲು ಮುಚ್ಚುವವರು ಮೊದಲು ಚೌಕಟ್ಟನ್ನು ಕಿತ್ತು ಮಾರುತ್ತಾರೆ. ಇದು ತೇಗದ ಚೌಕಟ್ಟು. ಇದನ್ನು ಕೀಳುವಷ್ಟು ಪುರುಸೊತ್ತು ಆ ಮನುಷ್ಯನಿಗೆ ಇರಲಿಲ್ಲ. ಆದರೆ ಪೂಜೆ ಮಾಡದೆ ಹೊಸ್ತಿಲನ್ನು ಹೂಳುವ ಧೈರ್ಯವೂ ಅವನಿಗೆ ಇರಲಿಲ್ಲ.

ಅವಸರವೂ ಭಕ್ತಿಯೂ ಒಂದೇ ಕಡೆ ಕೂಡುವ ಸಂದರ್ಭ ಯಾವುದಿರಬಹುದೆಂದು ಯೋಚಿಸಿದೆ. ಹೊಳೆದ ಉತ್ತರ ನನಗೆ ಬೇಕಿರಲಿಲ್ಲ.

ಹೊಸ್ತಿಲಿನ ನಡುವೆ ಗಾರೆಯ ಹೆಂಟೆಯೊಂದು ಅಂಟಿಕೊಂಡಿತ್ತು. ಉಳಿಯ ಮೊನೆಯಿಂದ ಅದನ್ನು ಬಿಡಿಸಿದೆ. ಕಪ್ಪಾಗಿ ಸುಕ್ಕುಗಟ್ಟಿದ ಒಂದು ಇಡೀ ಅಡಿಕೆ ಹೊರಬಂತು. ಅದರ ಮಗ್ಗುಲಲ್ಲಿ ಒಂದು ನಾಣ್ಯ.

ಹತ್ತು ರೂಪಾಯಿಯ ನಾಣ್ಯ. ಹೊರಗೆ ಹಳದಿ ಉಂಗುರ, ಒಳಗೆ ಬಿಳಿ ಬಿಲ್ಲೆ. ನಿಂಬೆರಸದಲ್ಲಿ ಉಜ್ಜಿ ಕಿಟಕಿಯ ಬೆಳಕಿಗೆ ಹಿಡಿದೆ. ಇಸವಿ ಸ್ಪಷ್ಟವಾಗಿತ್ತು: 2016.

ಮನೆ ನೋಡಲು ಬಂದ ದಿನ ಅದರ ಹಿಂದಿನ ಮಾಲೀಕ ಷಣ್ಮುಖಪ್ಪ ಇದೇ ಗೋಡೆಯನ್ನು ತಟ್ಟಿ ಹೇಳಿದ್ದ ಮಾತು ನೆನಪಾಯಿತು. "ಇದು ನಮ್ಮಪ್ಪನ ಕಾಲದ್ದು. ನಾನು ಚಡ್ಡಿ ಹಾಕ್ಕೊಂಡು ಓಡಾಡ್ತಿದ್ದಾಗಲೇ ಇತ್ತು."

*

ಗೋಡೆಯ ಬಗ್ಗೆ ಇನ್ನೊಂದು ಸಂಗತಿ ಹಿಂದಿನ ಸಂಜೆಯಿಂದಲೇ ನನ್ನನ್ನು ಕಾಡುತ್ತಿತ್ತು. ಅದು ತೀರ ಸುಲಭವಾಗಿ ಕುಸಿದಿತ್ತು.

ಬಚ್ಚಲಿನ ಅಡ್ಡಗೋಡೆಗೆ ಇಟ್ಟಿಗೆ ಬೇಕಾಗಿತ್ತು. ಹೊಸ ಲೋಡು ತರಿಸುವ ಶಕ್ತಿ ನಮಗಿರಲಿಲ್ಲ. ಮೇಸ್ತ್ರಿ ಹೇಳಿದ ಅಂದಾಜು ಕೇಳಿದ ದಿನವೇ ಎಲ್ಲವನ್ನೂ ನಾವೇ ಮಾಡಿಕೊಳ್ಳುವುದೆಂದು ತೀರ್ಮಾನಿಸಿದ್ದೆವು. ಮೊಬೈಲಿನ ವಿಡಿಯೊಗಳೇ ನಮ್ಮ ಮೇಸ್ತ್ರಿ. ಸುತ್ತಿಗೆಯ ನಾಲ್ಕು ಏಟಿಗೇ ಇಟ್ಟಿಗೆಗಳು ಗಾರೆಯನ್ನು ಉದುರಿಸಿಕೊಂಡು, ತೊಳೆದಿಟ್ಟಂತೆ ಕೈಗೆ ಬಂದಾಗ ಪುನೀತ ಹಿಗ್ಗಿದ್ದ. "ನೋಡು, ಒಂದೂ ಒಡೀಲಿಲ್ಲ. ನಮ್ಮ ಅದೃಷ್ಟ ಕಣೇ."

ಅದು ಅದೃಷ್ಟವಲ್ಲ, ಕೆಟ್ಟ ಗಾರೆ. ಬೂದು ಬಣ್ಣದ ಬದಲು ಅದು ಇದ್ದಿಲಿನಂತೆ ಕಪ್ಪಾಗಿತ್ತು.

ಹಳೆಯ ಸ್ಪೀಕರಿನಿಂದ ಕಿತ್ತ ಆಯಸ್ಕಾಂತವನ್ನು ಆ ಪುಡಿಯ ಮೇಲೆ ಆಡಿಸಿದೆ. ಕಪ್ಪು ಕಣಗಳು ಮೀಸೆಯಂತೆ ಎದ್ದು ನಿಂತವು. ಭದ್ರೆಯ ಮರಳಿನಲ್ಲೂ ಆಯಸ್ಕಾಂತಕ್ಕೆ ಅಂಟುವ ಕಣಗಳಿವೆ, ಆದರೆ ಅವು ಮೂಲೆಮೂಲೆಯಾದ ಹರಳುಗಳು. ಭೂತಗನ್ನಡಿಯಲ್ಲಿ ಕಂಡವು ದುಂಡಗಿದ್ದವು. ರಾಗಿಗಿಂತ ಸಣ್ಣ ಕಬ್ಬಿಣದ ಗುಂಡುಗಳು.

ಇಂಥ ಮರಳನ್ನು ನಾನು ದಿನವೂ ನೋಡುತ್ತೇನೆ. ಮಾಚೇನಹಳ್ಳಿಯಲ್ಲಿ ಕಬ್ಬಿಣದ ಎರಕ ಹೊಯ್ಯುವ ಒಂದು ಫೌಂಡ್ರಿಯಲ್ಲಿ ಮರಳು ಪರೀಕ್ಷಿಸುವುದೇ ನನ್ನ ಉದ್ಯೋಗ. ಅಚ್ಚಿಗೆ ಬಳಸಿ ಬಳಸಿ ಸುಟ್ಟುಹೋದ ಮರಳನ್ನು ಅಲ್ಲಿ ಹೊರಗೆ ಸುರಿಯುತ್ತಾರೆ. ಅದರಲ್ಲಿ ಜೇಡಿಯೂ ಕಲ್ಲಿದ್ದಲ ಪುಡಿಯೂ ಇರುವುದರಿಂದ ಗಾರೆ ಬಿಗಿಯುವುದಿಲ್ಲ. ತಿಳಿದವರು ಅದನ್ನು ಹಳ್ಳ ತುಂಬಿಸಲು ಒಯ್ಯುತ್ತಾರೆಯೇ ಹೊರತು ಗೋಡೆ ಕಟ್ಟಲು ಒಯ್ಯುವುದಿಲ್ಲ. ಇಲ್ಲಿ ಕಟ್ಟಿದವರಿಗೆ ಕೈಗೆ ಸಿಕ್ಕಿದ್ದು ಅದೊಂದೇ ಇರಬೇಕು.

ಬೆರಳಿಗೆ ಅಂಟಿದ ಕಪ್ಪನ್ನು ಒರೆಸಿಕೊಳ್ಳುವಾಗ, ಇದೇ ಕಪ್ಪನ್ನು ಫೌಂಡ್ರಿಯಲ್ಲಲ್ಲದೆ ಬೇರೆಲ್ಲೋ ಒರೆಸಿಕೊಂಡಿದ್ದೇನೆ ಎನ್ನಿಸಿತು. ಎಲ್ಲಿ ಎಂಬುದು ನೆನಪಿಗೆ ಬರಲಿಲ್ಲ.

ಹೊಸ್ತಿಲಾಚೆ ನಾನು ಇನ್ನೂ ಕಾಲಿಟ್ಟಿರಲಿಲ್ಲ. ಟಾರ್ಚಿನ ಬೆಳಕು ಹಾಯಿಸಿದಷ್ಟೇ. ಆ ಕೋಣೆಯಲ್ಲಿ ಎರಡು ವಸ್ತುಗಳಿದ್ದವು. ಎದುರು ಗೋಡೆಯ ಮೊಳೆಗೆ ನೇತುಹಾಕಿದ್ದ ಒಂದು ನೀಲಿ ರೆಕ್ಸಿನ್ ಬ್ಯಾಗು. ಅದರ ಹಿಡಿಯನ್ನು ಯಾರೋ ಕೆಂಪು ದಾರದಿಂದ ಹೊಲಿದಿದ್ದರು. ಇನ್ನೊಂದು, ನೆಲ. ಹಳೆಯ ಕೆಂಪು ಗಾರೆಯ ನೆಲದ ನಟ್ಟನಡುವೆ ಕಪ್ಪು ಸಿಮೆಂಟಿನ ಒಂದು ತೇಪೆ.

ಆ ತೇಪೆಯ ಉದ್ದ ಒಬ್ಬ ಮನುಷ್ಯನ ಉದ್ದದಷ್ಟಿತ್ತು.

ರಾತ್ರಿಯೇ ಪೊಲೀಸರಿಗೆ ತಿಳಿಸೋಣವೆಂದು ನಾನು ಹೇಳಿದ್ದೆ. ಪುನೀತ ಮೊದಲು ತನ್ನ ಅಪ್ಪನಿಗೆ ಫೋನ್ ಮಾಡಿದ. ನನ್ನ ಮಾವ ಕೃಷ್ಣಪ್ಪ ನವುಲೆಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾರೆ. ಅದಕ್ಕೂ ಮೊದಲು ಬಾಡಿಗೆಗೆ ಟ್ರ್ಯಾಕ್ಟರ್ ಓಡಿಸುತ್ತಿದ್ದರಂತೆ. ಈ ಮನೆಯನ್ನು ನಮಗೆ ಕೊಡಿಸಿದವರೇ ಅವರು. ಸ್ಪೀಕರಿನಲ್ಲಿ ಅವರ ದನಿ ಶಾಂತವಾಗಿತ್ತು. "ಯಾರಿಗೂ ಹೇಳಬೇಡಿ. ಏನನ್ನೂ ಮುಟ್ಟಬೇಡಿ. ನಾಳೆ ಮಧ್ಯಾಹ್ನ ನಾನೇ ಬರ್ತೀನಿ. ಆಮೇಲೆ ಸ್ಟೇಷನ್ನಿಗೆ ಹೋಗೋಣ."

ಹಿರಿಯರೊಬ್ಬರು ಬರುತ್ತಾರೆಂಬ ಧೈರ್ಯದಲ್ಲೇ ನಾನು ಆ ರಾತ್ರಿ ನಿದ್ದೆ ಮಾಡಿದ್ದೆ. ಬೆಳಗ್ಗೆ ಪುನೀತ ಶಿಫ್ಟಿಗೆ ಹೋದ. ಅವನ ಕಾರ್ಖಾನೆಯಲ್ಲಿ ಫೋನನ್ನು ಗೇಟಿನಲ್ಲೇ ಇಟ್ಟು ಒಳಗೆ ಹೋಗಬೇಕು. ನಾನು ರಜೆ ಹಾಕಿ ಇಲ್ಲಿ ಉಳಿದೆ. ಮುಟ್ಟಬೇಡಿ ಎಂದಿದ್ದನ್ನು ಮುಟ್ಟಿದೆ.

*

"ಇಂಪನಾ, ಬಾಗಿಲು ಹಾರು ಹೊಡೆದು ಎಲ್ಲಿ ಸೇರ್ಕೊಂಡಿದ್ದೀಯ ಮಾರಾಯ್ತಿ?"

ಹಾಲಮ್ಮನ ದನಿ. ನಾಣ್ಯವನ್ನು ಕುರ್ತಾದ ಜೇಬಿಗೆ ಹಾಕಿ, ಪಕ್ಕದಲ್ಲಿದ್ದ ನೀಲಿ ಟಾರ್ಪಾಲನ್ನು ಚೌಕಟ್ಟಿನ ಮೇಲಿನ ಮೊಳೆಗೆ ಸಿಕ್ಕಿಸಿ ಬಾಗಿಲನ್ನು ಮರೆಮಾಡಿದೆ.

ಇದೇ ಬೀದಿಯ ಅಂಗನವಾಡಿಯಲ್ಲಿ ಅವರು ಸಹಾಯಕಿ. ಷಣ್ಮುಖಪ್ಪನ ತಮ್ಮ ಮನೋಹರನ ಹೆಂಡತಿ. ಈ ಮನೆಗೆ ಸೊಸೆಯಾಗಿ ಬಂದವರು. ಗಂಡ ಊರು ಬಿಡುವ ಮೊದಲೇ ಬೇರೆ ಸಂಸಾರ ಹೂಡಿ, ಮೂರು ಮನೆ ಆಚೆ ಬಾಡಿಗೆಗಿದ್ದಾರೆ. ನಮ್ಮ ಹೊಸ ಪ್ಲಾಸ್ಟರಿಗೆ ನೀರು ಹೊಡೆಯುವ ಕೆಲಸವನ್ನು ಯಾರೂ ಕೇಳದೆಯೇ ವಹಿಸಿಕೊಂಡಿದ್ದರು.

ಮಗ್ಗಿನಿಂದ ಬಚ್ಚಲ ಗೋಡೆಗೆ ನೀರು ಎರಚುತ್ತಾ ಅವರು ಕೇಳಿದರು. "ಇದು ನಿನ್ನ ಗಂಡ ಬಳಿದಿದ್ದಾ?"

"ಹೌದು ಹಾಲಕ್ಕ."

"ಗೋಡೆನೋ, ಅಕ್ಕಿರೊಟ್ಟಿ ತಟ್ಟಿದ್ದೋ? ಬೆರಳಿನ ಗುರುತು ಹಾಗೇ ಇದೆಯಲ್ಲ."

ನಗಲು ಪ್ರಯತ್ನಿಸಿದೆ. ಅವರು ತಿರುಗಿ ನನ್ನನ್ನು ನೋಡಿದರು.

"ಯಾಕೆ ಮುಖ ಹಾಗಿದೆ? ಜ್ವರಾನಾ?"

"ಧೂಳು ಅಕ್ಕ. ಗಂಟಲು ಕಟ್ಟಿದೆ." ಗೋಡೆಯ ಕಡೆಗೇ ನೋಡುತ್ತಾ ಕೇಳಿದೆ. "ನಿಮ್ಮನೆಯವ್ರು ಹೋಗಿದ್ದು ಯಾವ ವರ್ಷ?"

"ನೋಟು ಬದಲಾಯ್ತಲ್ಲ, ಅದೇ ವರ್ಷ. ನಾನು ಬ್ಯಾಂಕಿನ ಮುಂದೆ ಕ್ಯೂನಲ್ಲಿ ನಿಂತಿದ್ದೆ. ಇಡೀ ದಿನ. ಅಲ್ಲಿಂದ ಹಂಗೇ ಅಮ್ಮನ ಮನೆಗೆ ಹೋಗಿ, ಎರಡು ದಿನ ಬಿಟ್ಟು ಬಂದರೆ ಭಾವನೋರು ಅಂದ್ರು, ಮನೋಹರ ತಿರುಪುರಕ್ಕೆ ಹೋದ, ಅಲ್ಲೆಲ್ಲೋ ಕೆಲಸ ಸಿಕ್ಕಿದೆ ಅಂತ."

"ನಂಬಿದ್ರಾ?"

"ಬ್ಯಾಗು ಇರಲಿಲ್ಲವಲ್ಲ, ನಂಬಿದೆ. ನೀಲಿ ಬ್ಯಾಗು. ಹಿಡಿ ಕಿತ್ತುಹೋಗಿತ್ತು, ನಾನೇ ಕೆಂಪು ದಾರ ಹಾಕಿ ಹೊಲಿದಿದ್ದೆ. ನೀಲಿ ದಾರ ಸಿಗಲಿಲ್ವಾ ಅಂತ ಬೈದಿದ್ದ." ಅವರು ಮಗ್ಗನ್ನು ಬಕೆಟ್ಟಿಗೆ ಅದ್ದಿದರು. "ಬ್ಯಾಗ್ ತಗೊಂಡು ಹೋದೋನು ಬ್ಯಾಗ್ ತಗೊಂಡು ಬರ್ತಾನೆ ಅಂತ ಒಂದು ಧೈರ್ಯ."

ಟಾರ್ಪಾಲು ಗಾಳಿಗೆ ಒಮ್ಮೆ ಉಬ್ಬಿ, ಮತ್ತೆ ಚೌಕಟ್ಟಿಗೆ ಅಂಟಿಕೊಂಡಿತು.

"ಸಿಟ್ಟೇನೂ ಇಲ್ಲ ಈಗ," ಎಂದರು ಹಾಲಮ್ಮ. ಒದ್ದೆ ಬೆರಳಿನಿಂದ ಹಣೆಯ ಕುಂಕುಮವನ್ನು ಮುಟ್ಟಿಕೊಂಡರು. "ಬರದಿದ್ರೆ ಬೇಡ. ಇದನ್ನ ಇಟ್ಕೊಳ್ಳಬೇಕೋ ಅಳಿಸಬೇಕೋ, ಅದನ್ನೊಂದು ಯಾರಾದ್ರೂ ಹೇಳಿದ್ರೆ ಸಾಕಿತ್ತು."

ಅದನ್ನು ಹೇಳಬಲ್ಲ ವಸ್ತು ಅವರ ಬೆನ್ನ ಹಿಂದೆ ನಾಲ್ಕು ಮಾರು ದೂರದಲ್ಲಿ ನೇತಾಡುತ್ತಿತ್ತು. ಬ್ಯಾಗು ಸಿಕ್ಕಿದೆಯೆಂದರೆ ಮುಂದಿನ ಪ್ರಶ್ನೆ ನೆಲದ್ದು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಷಣ್ಮುಖಪ್ಪನಲ್ಲಿ ಇತ್ತು. ಗೋಡೆಯ ವಿಚಾರದಲ್ಲಿ ಅವರು ಸುಳ್ಳು ಹೇಳಿದ್ದು ನಾಣ್ಯದಿಂದ ಖಚಿತವಾಗಿತ್ತು. ಯಾಕೆ ಎಂಬುದನ್ನೂ ಅವರ ಬಾಯಿಂದಲೇ ಹೊರಡಿಸಿದರೆ ಪೊಲೀಸರ ಮುಂದೆ ನಿಂತು ಹೇಳಲು ಒಂದು ಗಟ್ಟಿ ಮಾತು ಸಿಗುತ್ತದೆ.

"ಶಿವಮೊಗ್ಗಕ್ಕೆ ಹೋಗಿ ಬರ್ತೀನಿ ಅಕ್ಕ. ಆ ಟಾರ್ಪಾಲು ಮಾತ್ರ ಎತ್ತಬೇಡಿ. ಒಳಗೆಲ್ಲ ಸಡಿಲ ಇಟ್ಟಿಗೆ."

"ನಾನ್ಯಾಕೆ ಎತ್ತಲಿ. ನೀನು ಹೋಗು."

"ಮಾವ ಬರ್ತಾರೆ ಮಧ್ಯಾಹ್ನ."

"ಬರಲಿ, ಇವತ್ತಾದ್ರೂ ಮುಖ ನೋಡೋಣ. ಮರಳು ಇಳಿಸಿ, ನಾನು ಬರೋ ಹೊತ್ತಿಗೆ ಸರಿಯಾಗಿ ಹೊರಟುಬಿಡ್ತಾರಪ್ಪ ನಿಮ್ಮ ಮಾವ. ಕಾಫಿ ಕಾಯಿಸಿಡ್ತೀನಿ."

*

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಮಾಚೇನಹಳ್ಳಿ ದಾಟುವಾಗ ರಸ್ತೆಯ ಬದಿಗೆ ಕಪ್ಪು ಮರಳಿನ ದಿಬ್ಬಗಳು ಸಾಲಾಗಿ ಕಂಡವು. ಎಷ್ಟೋ ಸಲ ನೋಡಿದ ದಿಬ್ಬಗಳು. ಇಂದು ಅವುಗಳಲ್ಲಿ ಒಂದೊಂದೂ ಒಂದು ತೇಪೆಯ ಆಕಾರದಲ್ಲಿ ಕಾಣತೊಡಗಿತು. ನಾನು ಕಣ್ಣು ಮುಚ್ಚಿಕೊಂಡೆ. ಜೇಬಿನೊಳಗಿನ ನಾಣ್ಯ ಮೈಯ ಬಿಸಿಗೆ ಬೆಚ್ಚಗಾಗಿತ್ತು. ಅದು ನನಗೆ ಹಿತವೆನಿಸಲಿಲ್ಲ.

ಮನೆ ಮಾರಿದ ಮೇಲೆ ಷಣ್ಮುಖಪ್ಪ ಆಲ್ಕೊಳದಲ್ಲಿ ಮಗಳ ಮನೆಯಲ್ಲಿದ್ದರು. ಸರ್ಕಲ್ಲಿನಿಂದ ಒಳಗೆ, ಎರಡನೇ ತಿರುವಿನಲ್ಲಿ. ಜಗುಲಿಯ ಮೇಲೆ ಕುಳಿತು ಮೊರದಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಒಳಗೆ ಯಾರೂ ಇರಲಿಲ್ಲ. ಟೀವಿ ತನ್ನಷ್ಟಕ್ಕೆ ಮಾತಾಡುತ್ತಿತ್ತು.

"ಬಾಮ್ಮ. ಎಲ್ಲಿಗೆ ಬಂತು ಮನೆ ಕೆಲಸ? ಗಾರೆಯವ್ರು ಸಿಕ್ರಾ?"

"ನಾವೇ ಮಾಡ್ಕೊಳ್ತಿದ್ದೀವಿ ಅಂಕಲ್."

"ಎಮ್ಮೆಸ್ಸಿ ಓದಿ ಕರಣೆ ಹಿಡಿದ್ಯಾ. ಚೆನ್ನಾಗಿದೆ."

"ಕರಣೆಗಿಂತ ಸುತ್ತಿಗೆ ಸುಲಭ. ನಿನ್ನೆ ಒಂದು ಗೋಡೆ ಒಡೆದ್ವಿ."

"ಯಾವುದು?"

"ಅಡುಗೆಮನೆ ಹಿಂದಿನದು."

ಅವರ ಹೆಬ್ಬೆರಳು ಸಿಪ್ಪೆಯೊಳಗೇ ನಿಂತಿತು. ಕಾಳು ಹೊರಗೆ ಬರಲಿಲ್ಲ.

"ಅಪ್ಪನ ಕಾಲದ್ದು ಅಂದಿದ್ರಿ," ಎಂದೆ.

"ಹೌದಲ್ಲ. ಇಲಿ ಕಾಟ ಅಂತ ಉಗ್ರಾಣ ಮುಚ್ಚಿಸಿದ್ರು."

"ಹೊಸ್ತಿಲಿಗೆ ಅರಿಶಿನ ಹಚ್ಚಿದ್ದಾರೆ."

"ದೈವಭಕ್ತರು ನಮ್ಮಪ್ಪ."

"ಅಡಿಕೆ, ನಾಣ್ಯ ಎಲ್ಲ ಇಟ್ಟಿದ್ದಾರೆ."

"ಇಟ್ಟಿರ್ತಾರೆ. ನಾಲ್ಕಾಣೆನೋ ಎಂಟಾಣೆನೋ. ಆಗೆಲ್ಲ ಅದೇ ದೊಡ್ಡದು."

ನಾನು ಜೇಬಿನಿಂದ ನಾಣ್ಯ ತೆಗೆದು ಮೊರದೊಳಗೆ, ಅವರೆಕಾಳಿನ ಮೇಲೆ ಇಟ್ಟೆ. ಅವರು ಕನ್ನಡಕ ಏರಿಸಲಿಲ್ಲ. ಬಗ್ಗಿಯೂ ನೋಡಲಿಲ್ಲ. ಏನೆಂದು ಓದುವ ಅಗತ್ಯ ಅವರಿಗಿರಲಿಲ್ಲ.

"ಎರಡು ಸಾವಿರದ ಹದಿನಾರನೇ ಇಸವಿದು ಅಂಕಲ್. ನಿಮ್ಮಪ್ಪ ಆಗ ಇದ್ರಾ?"

ಟೀವಿಯಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಷಣ್ಮುಖಪ್ಪ ರಸ್ತೆಯ ಕಡೆ ತಿರುಗಿದರು. ಅವರು ಸಿಟ್ಟಾಗುತ್ತಾರೆಂದು ನಾನು ಕಾದಿದ್ದೆ; ಎದ್ದು ಓಡಲು ಚಪ್ಪಲಿಯನ್ನೂ ಕಾಲಿಗೆ ಹತ್ತಿರ ಎಳೆದುಕೊಂಡಿದ್ದೆ. ಅವರು ಮಾತಾಡಿದಾಗ ದನಿಯಲ್ಲಿ ಸಿಟ್ಟಿರಲಿಲ್ಲ.

"ಆಗ ಅದನ್ನ ಯಾವ ಅಂಗಡೀಲೂ ತಗೊಳ್ತಿರಲಿಲ್ಲ. ಸುಳ್ಳು ನಾಣ್ಯ ಅಂತ ಸುದ್ದಿ. ನೋಟು ನೋಡಿದ್ರೆ ಬರೀ ಕಾಗದ ಆಗಿ ಕೂತಿತ್ತು. ಜೇಬಲ್ಲಿ ಇದ್ದಿದ್ದು ಅದೊಂದೇ. ಅಂಗಡಿಯೋರು ಬೇಡ ಅಂದ್ರೂ ಲಕ್ಷ್ಮಿ ಬೇಡ ಅನ್ನಲ್ಲ ಅಂತ ಇಟ್ಟೆ."

"ನೀವೇ ಕಟ್ಟಿದ್ದಾ?"

"ಆ ಹೊಸ್ತಿಲಿಗೆ ನಮ್ಮಮ್ಮ ಶುಕ್ರವಾರ ಶುಕ್ರವಾರ ಅರಿಶಿನ ಹಚ್ತಿದ್ಳು. ಬರೀ ಹೊಸ್ತಿಲ ಮೇಲೆ ಇಟ್ಟಿಗೆ ಇಡು ಅಂದ್ರೆ ನನಗೆ ಕೈ ಬರಲಿಲ್ಲ. ಅವನು ಬೈದ. ಇದೇನು ಗೃಹಪ್ರವೇಶನಾ ಅಂದ. ನಾನು ಕೇಳಲಿಲ್ಲ."

"ಮನೋಹರ ಅವ್ರು ಎಲ್ಲಿದ್ದಾರೆ ಅಂಕಲ್?"

"ನಾನು ಬಂದಾಗ ನೆಲ ಆಗಿಹೋಗಿತ್ತು." ಅವರು ಮೊರದ ಅಂಚನ್ನು ಹಿಡಿದುಕೊಂಡರು. "ದೇವರಾಣೆ ಅಮ್ಮ. ನೆಲ ನನ್ನದಲ್ಲ. ನಾನು ಕಟ್ಟಿದ್ದು ಗೋಡೆ ಮಾತ್ರ."

"ಏನಿದೆ ಅಂತ ನೋಡದೇನೇ ಕಟ್ಟಿದ್ರಾ?"

"ನೋಡಬಾರದು ಅಂತಲೇ ಕಟ್ಟಿದ್ದು."

ಪ್ರಶ್ನೆಗಳನ್ನು ಬಸ್ಸಿನಲ್ಲೇ ಕ್ರಮವಾಗಿ ಜೋಡಿಸಿಕೊಂಡಿದ್ದೆ, ಉಳಿದದ್ದು ಒಂದೇ.

"ಗಾರೆಗೆ ಹಾಕಿರೋದು ಫೌಂಡ್ರಿಯ ಸುಟ್ಟ ಮರಳು. ನೀವು ಜವಳಿ ಅಂಗಡಿ ಇಟ್ಟಿದ್ದೋರು. ಅದನ್ನ ತಂದಿದ್ದು ಯಾರು? 'ಅವನು' ಅಂತೀರಲ್ಲ, ಯಾರು ಅವನು?"

ಷಣ್ಮುಖಪ್ಪ ಈಗ ಮೊದಲ ಬಾರಿಗೆ ನನ್ನ ಮುಖವನ್ನು ನೇರವಾಗಿ ನೋಡಿದರು. ಅದು ತಪ್ಪಿತಸ್ಥನ ನೋಟವಾಗಿರಲಿಲ್ಲ. ಅವರು ನನಗಾಗಿ ಮರುಗುತ್ತಿದ್ದರು. ಅದನ್ನು ಕಂಡೇ ನಾನು ನಿಜವಾಗಿ ಹೆದರಿದೆ.

"ಆ ಮನೆ ನೋಡೋಕೆ ಎಷ್ಟು ಜನ ಬಂದಿದ್ರು ಗೊತ್ತಾ? ನಿಮಗಿಂತ ಜಾಸ್ತಿ ಕೊಡೋರು ಇದ್ರು. ನಿಮಗೇ ಯಾಕೆ ಕೊಟ್ಟೆ ಅಂತ ಒಂದು ದಿನಾನೂ ಅನ್ನಿಸಲಿಲ್ವಾ?"

"ಮಾವ ಮಾತಾಡಿ ಕಡಿಮೆ ಮಾಡಿಸಿದ್ರು," ಎಂದೆ.

ಹೇಳಿ ಮುಗಿಸುವಷ್ಟರಲ್ಲಿ ನನ್ನ ಮಾತು ನನಗೇ ಕೇಳಿಸಿತು.

"ಕೃಷ್ಣಪ್ಪ ಕಡಿಮೆ ಮಾಡು ಅನ್ನಲಿಲ್ಲಮ್ಮ. ಕೊಡು ಅಂದ. ಹೊರಗಿನೋರ ಕೈಗೆ ಹೋದ್ರೆ ಎಲ್ಲ ಕೆಡವಿ ಕಟ್ತಾರೆ, ನಮ್ಮ ಹುಡುಗರಾದ್ರೆ ನಾನು ಬೇಡ ಅಂದ ಗೋಡೆ ಮುಟ್ಟಲ್ಲ ಅಂದ. ನಿಮಗೆ ಹೇಳಿರಲಿಲ್ವಾ?"

"ಹೇಳಿದ್ರು." ನನ್ನ ದನಿ ಬಹಳ ದೂರದಿಂದ ಬಂದಂತಿತ್ತು. "ಅದು ನೈರುತ್ಯ ಮೂಲೆ, ಮುಟ್ಟಿದ್ರೆ ಮನೆಗೆ ಒಳ್ಳೇದಲ್ಲ ಅಂದಿದ್ರು."

"ಮತ್ಯಾಕೆ ಮುಟ್ಟಿದ್ರಿ?"

"ಇಟ್ಟಿಗೆ ಸಾಲಲಿಲ್ಲ."

ಅವರು ಸದ್ದಿಲ್ಲದೆ ನಕ್ಕರು. ನಗು ಅರ್ಧಕ್ಕೇ ಕೆಮ್ಮಾಯಿತು.

ನಾನು ನಂಬಬೇಕಾಗಿರಲಿಲ್ಲ. ಸಿಕ್ಕಿಬಿದ್ದವರು ಇನ್ನೊಬ್ಬರ ಹೆಸರು ಹೇಳುವುದು ಹೊಸತಲ್ಲ. ಒಂದು ಮಾತನ್ನು ಸಾಕ್ಷ್ಯವಿಲ್ಲದೆ ಒಪ್ಪಬಾರದೆಂದು ನನಗೆ ನಾನೇ ಹೇಳಿಕೊಂಡೆ. ಹಾಗೆ ಹೇಳಿಕೊಳ್ಳುತ್ತಿರುವಾಗಲೇ, ಬೆಳಗ್ಗೆಯಿಂದ ನೆನಪಿಗೆ ಬಾರದೆ ಸತಾಯಿಸುತ್ತಿದ್ದ ಜಾಗ ಕಣ್ಣೆದುರು ಬಂದು ನಿಂತಿತು.

ನವುಲೆಯ ಹಿತ್ತಿಲು. ತುಳಸಿಕಟ್ಟೆ. ಕಳೆದ ತುಳಸಿಹಬ್ಬಕ್ಕೆ ಕಟ್ಟೆಗೆ ಬಣ್ಣ ಬಳಿಯಲು ಹೋಗಿ ನಾನು ಹಳೆಯ ಪದರವನ್ನು ಕೆರೆದಿದ್ದೆ. ಒಳಗಿನ ಪ್ಲಾಸ್ಟರು ಕಪ್ಪಗೆ ಪುಡಿಪುಡಿಯಾಗಿ ಉದುರಿ, ಬೆರಳೆಲ್ಲ ಮಸಿಯಾಗಿತ್ತು. "ಇದೇನು ಮಾವ, ಹೀಗಿದೆ?" ಎಂದು ಕೇಳಿದ್ದೆ. ಮಾವ ನನ್ನ ಕೈಯಿಂದ ಕೆರೆಯುವ ಬ್ಲೇಡನ್ನು ಮೆಲ್ಲಗೆ ತೆಗೆದುಕೊಂಡಿದ್ದರು. "ಟ್ರ್ಯಾಕ್ಟರ್ ಇದ್ದಾಗ ಉಳಿದ ಮರಳು ಕಣಮ್ಮ. ಸುಮ್ಮನೆ ಮೇಲೆ ಬಣ್ಣ ಬಳಿ, ಸಾಕು."

"ಅವನಿಗೆ ಗೊತ್ತಾ, ಗೋಡೆ ಒಡೆದಿದ್ದು?" ಷಣ್ಮುಖಪ್ಪ ಕೇಳುತ್ತಿದ್ದರು.

"ರಾತ್ರಿನೇ ಹೇಳಿದ್ವಿ."

"ಏನಂದ?"

"ಯಾರಿಗೂ ಹೇಳಬೇಡಿ, ಮಧ್ಯಾಹ್ನ ನಾನೇ ಬರ್ತೀನಿ ಅಂದ್ರು."

"ಈಗ ಮನೇಲಿ ಯಾರಿದ್ದಾರೆ?"

"ಹಾಲಕ್ಕ."

ಅವರು ಎದ್ದು ನಿಂತ ರಭಸಕ್ಕೆ ಮೊರ ಮಗುಚಿತು. ಕಾಳು ಜಗುಲಿಯಿಂದ ಮೆಟ್ಟಿಲ ಮೇಲೆ, ಮೆಟ್ಟಿಲಿನಿಂದ ರಸ್ತೆಗೆ ಉರುಳಿತು. ನಾಣ್ಯ ನನ್ನ ಪಾದದ ಬಳಿ ಬಿದ್ದಿತು. ಅದನ್ನು ಎತ್ತಿ ಮುಷ್ಟಿಯಲ್ಲಿ ಹಿಡಿದೆ.

"ಅವಳು ಅವನನ್ನ ನೋಡಬಾರದು," ಎಂದರು ಷಣ್ಮುಖಪ್ಪ. "ನೋಡಿದ್ರೆ ಗುರುತು ಹಿಡೀತಾಳೆ. ಅವಳು ಬ್ಯಾಂಕಿನ ಕ್ಯೂನಲ್ಲಿ ನಿಂತಿದ್ದ ದಿನ ಬೆಳಗ್ಗೆ ಮನೋಹರನ್ನ ಕರೆಯೋಕೆ ಮನೆ ಬಾಗಿಲಿಗೆ ಟ್ರ್ಯಾಕ್ಟರ್ ತಂದಿದ್ದು ಅವನೇ. ಹೆಸರು ಗೊತ್ತಿಲ್ಲ ಅವಳಿಗೆ. ಮುಖ ಗೊತ್ತು. ಹೋಗು, ಹೋಗಮ್ಮ."

ನಾನು ರಸ್ತೆಗೆ ಓಡಿದೆ. ಓಡುತ್ತಲೇ ಪುನೀತನಿಗೆ ಫೋನ್ ಮಾಡಿದೆ. ಅದು ಗೇಟಿನ ಪೆಟ್ಟಿಗೆಯಲ್ಲಿ ಯಾರಿಗೂ ಕೇಳಿಸದಂತೆ ರಿಂಗಾಗಿ ನಿಂತಿತು. ಸರ್ಕಲ್ಲಿನಲ್ಲಿ ಸಿಕ್ಕ ಆಟೋಗೆ ಹತ್ತಿ, ಭದ್ರಾವತಿ ಎಂದೆ. ಆಟೋದವನು ಇಷ್ಟು ದೂರಕ್ಕಾ ಎಂದು ಏನೋ ಹೇಳಿದ; ನಾನು ಹೋಗಿ ಎಂದಷ್ಟೇ ಹೇಳಿ ಹಾಲಮ್ಮನ ನಂಬರ್ ಒತ್ತಿದೆ.

ಬಹಳ ಹೊತ್ತು ರಿಂಗಾಯಿತು. ಇನ್ನೇನು ನಿಂತುಹೋಗುತ್ತದೆ ಎನ್ನುವಾಗ ಎತ್ತಿದರು.

"ಹಾಲಕ್ಕ, ನೀವು ಈಗಲೇ ಮನೆಯಿಂದ ಹೊರಗೆ—"

"ನಾನಮ್ಮ," ಎಂದಿತು ಗಂಡಸಿನ ದನಿ. ರಾತ್ರಿ ಸ್ಪೀಕರಿನಲ್ಲಿ ಕೇಳಿದಷ್ಟೇ ಶಾಂತವಾಗಿ. "ಬಂದೆ. ನೀನಿಲ್ಲವಲ್ಲ."

"ಮಾವ." ಉಸಿರು ಹಿಡಿದು ದನಿಯನ್ನು ಸಮಮಾಡಿದೆ. "ಹಾಲಕ್ಕನ ಫೋನು ನಿಮ್ಮ ಹತ್ರ..."

"ಅವಳ ಕೈ ಒದ್ದೆ ಇತ್ತು."

ಅವರ ಮಾತಿನ ಹಿಂದೆ ಒಂದು ಸದ್ದು ಬರುತ್ತಿತ್ತು. ಈ ಕೆಲಸ ಶುರುವಾದಾಗಿನಿಂದ ನನಗೆ ಚೆನ್ನಾಗಿ ಪರಿಚಯವಾಗಿದ್ದ ಸದ್ದು. ಕಬ್ಬಿಣದ ಬಾಂಡ್ಲಿಯ ತಳವನ್ನು ಕರಣೆ ಕೆರೆಯುವ ಸದ್ದು.

"ಏನ್ಮಾಡ್ತಿದ್ದೀರ ಮಾವ?"

"ಗಾರೆ ಕಲೆಸ್ತಿದ್ದೀನಿ. ಆ ಬಾಗಿಲು ಹಾಗೆ ತೆರೆದಿಡಬಾರದಮ್ಮ. ನಾನು ಮೊದಲೇ ಹೇಳಿರಲಿಲ್ವಾ?"

"ಹಾಲಕ್ಕಂಗೆ ಫೋನ್ ಕೊಡಿ."

"ಒಳಗಿದ್ದಾಳೆ."

"ಯಾವ ಒಳಗೆ?"

ಕರಣೆಯ ಸದ್ದು ನಿಂತಿತು. ಮರೆತುಹೋಗಿದ್ದ ಒಂದು ಸಣ್ಣ ಸಾಮಾನನ್ನು ಕೇಳುವವರಂತೆ, ಮಾವ ತುಸು ಸಂಕೋಚದಿಂದಲೇ ಕೇಳಿದರು.

"ಇಂಪು, ಆ ಹೊಸ್ತಿಲ ಮೇಲಿನ ಹತ್ತು ರೂಪಾಯಿ ಎಲ್ಲಿಟ್ಟಿದ್ದೀಯಮ್ಮ? ಅದನ್ನಿಟ್ಟು ಇಟ್ಟಿಗೆಯ ಮೊದಲ ಸಾಲು ಹಾಕಬೇಕು."

ನಾಣ್ಯ ನನ್ನ ಮುಷ್ಟಿಯಲ್ಲಿತ್ತು. ಅದು ಸಿಕ್ಕಿದ ವಿಷಯವನ್ನು ನಾನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.